ಟೆಸ್ಟು, ಟೇಸ್ಟು ಮತ್ತು ಆರನೇ ಕ್ಲಾಸು

ಊರ ಕಡೆ ನಮಗೆಲ್ಲ ಶಾಲೆ ಶುರುವಾಯಿತೆಂದರೆ ಮಳೆ, ಕೊಡೆ, ಒದ್ದೆಯಾದ ಪಾಟಿಚೀಲ. ಇಲ್ಲಿ ನರೋಡಾದಲ್ಲಿ ಮೊದಲು ಶಾಲೆ, ಆಮೇಲೆ ಮಳೆ. 35 ದಿನಗಳ ಬೇಸಿಗೆ ರಜೆ ಮುಗಿಸಿ ಜೂನ್ ತಿಂಗಳ ಸೆಕೆಯಲ್ಲೇ ಮಕ್ಕಳು ರಿಕ್ಷಾಗಳಲ್ಲಿ ತುಂಬಿಕೊಂಡು ಹೊರಡುತ್ತಾರೆ.

ನಮ್ಮ ಮನೆಯಾಕೆ ಇಲ್ಲಿನ ಒಂದು ಗುಜರಾತಿ ಮಾಧ್ಯಮದ ಶಾಲೆಯಲ್ಲಿ 6ನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಾಳೆ. ಧಾರವಾಡದ ಹೆಣ್ಣುಮಗಳು ಗುಜರಾತಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು! ಮಕ್ಕಳಾದರೂ ಎಲ್ಲರೂ ಗುಜರಾತಿಗಳಲ್ಲ. ಜಿ.ಐ.ಡಿ.ಸಿ. ಕಾರ್ಖಾನೆಗಳಿಗೆ ದುಡಿಯಲು ಬಂದ ಉತ್ತರ ಪ್ರದೇಶ, ಬಿಹಾರದವರ ಮಕ್ಕಳಿದ್ದಾರೆ. ದೇಶ ವಿಭಜನೆಯಾದಾಗ ಬಂದು ಪಕ್ಕದ ಕುಬೇರನಗರ, ಸರದಾರನಗರಗಳಲ್ಲಿ ನೆಲೆಸಿದ ಸಿಂಧಿಗಳ ಮರಿಮೊಮ್ಮಕ್ಕಳಿದ್ದಾರೆ. ಮನೆಯಲ್ಲೊಂದು ಭಾಷೆ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಗುಜರಾತಿ. ಇಂಗ್ಲಿಷ್ ಎಷ್ಟೋ ಮಕ್ಕಳಿಗೆ ನಾಲ್ಕನೆಯದು.

ಮೊದಲ ದಿನ ಅವಳು ಪುಸ್ತಕ ತೆಗೆಸುವುದಿಲ್ಲ. ಬೋರ್ಡಿನ ಮೇಲೆ ಎರಡು ಪದ ಬರೆಯುತ್ತಾಳೆ: ಟೆಸ್ಟ್, ಟೇಸ್ಟ್. ನಮಗೆ ಎ, ಏ ಬೇರೆ ಬೇರೆ ಅಕ್ಷರ, ಹುಟ್ಟಿನಿಂದಲೇ ಕಿವಿಗೆ ಗೊತ್ತು. ಗುಜರಾತಿಯಲ್ಲಾಗಲಿ ಹಿಂದಿಯಲ್ಲಾಗಲಿ ನಮ್ಮ ಹಾಗೆ ಹ್ರಸ್ವ ದೀರ್ಘ ಎಂದು ಎರಡು ಅಕ್ಷರ ಇಲ್ಲ. ಹಾಗಾಗಿ ದಾಲಿನ ರುಚಿಯೂ ಟೆಸ್ಟೇ, ಶುಕ್ರವಾರದ ಪರೀಕ್ಷೆಯೂ ಟೆಸ್ಟೇ! ಮಕ್ಕಳು ಮುಖ ಸಣ್ಣ ಮಾಡಿಕೊಳ್ಳುವ ಮೊದಲೇ ಅವಳು ತನ್ನ ಸರದಿ ತೆಗೆಯುತ್ತಾಳೆ. ನಮ್ಮೂರಲ್ಲಿ ಹೀಗೆ ಅಂತಾರೆ ಎಂದು ಬಸ್ಸು, ಕಾರು, ಪೆನ್ನು ಅನ್ನುತ್ತಾಳೆ. ಕೊನೆಗೊಂದು ಸ್ವರ ಇಲ್ಲದಿದ್ದರೆ ಕನ್ನಡದ ಬಾಯಿಗೆ ಸಮಾಧಾನವಿಲ್ಲವಲ್ಲ! ಕ್ಲಾಸಿಗೆ ಕ್ಲಾಸೇ ನಗುತ್ತದೆ. ಬೆನ್ನರ ಇಂಗ್ಲಿಷಿಗೂ ಒಂದು ಊರಿದೆ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಡುತ್ತಾರೆ.

ಆಮೇಲೆ ಗಾಂಧೀಜಿಯ ಕೆಟಲ್ ಕಥೆ. ರಾಜಕೋಟೆಯ ಹೈಸ್ಕೂಲಿನ ಮೊದಲ ವರ್ಷದಲ್ಲಿ ಜೈಲ್ಸ್ ಎಂಬ ಇನ್ಸ್‌ಪೆಕ್ಟರು ಐದು ಪದಗಳ ಸ್ಪೆಲಿಂಗ್ ಬರೆಸಿದರು. ಕೆಟಲ್ ಎಂಬುದನ್ನು ಮೋಹನದಾಸ ತಪ್ಪು ಬರೆದ. ಮೇಷ್ಟ್ರು ಬೂಟಿನ ತುದಿಯಿಂದ ಸನ್ನೆ ಮಾಡಿದರೂ ಪಕ್ಕದವನ ಪಾಟಿ ನೋಡಲಿಲ್ಲ. ನಾವೆಲ್ಲ ಈ ಕಥೆಯನ್ನು ಪ್ರಾಮಾಣಿಕತೆಯ ಪಾಠ ಅಂತ ಕೇಳಿದವರು. ಇವಳು ಹೇಳುವುದು ಇನ್ನೊಂದಕ್ಕೆ: ಕ್ಲಾಸಿನಲ್ಲಿ ಎಲ್ಲರದ್ದೂ ಸರಿ, ತಪ್ಪಾಗಿದ್ದು ಅವರೊಬ್ಬರದೇ. ಮುಂದೆ ನಾಲ್ಕನೇ ಇಯತ್ತೆಗೆ ಪಾಠಗಳು ಇಂಗ್ಲಿಷಿನಲ್ಲಿ ಶುರುವಾದಾಗ ರೇಖಾಗಣಿತ ತಲೆಗೇ ಹತ್ತಲಿಲ್ಲ ಎಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅಂಥವರು ಆಮೇಲೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆದರು.

"ಈ ಹುಡುಗ್ರಿಗೆ ಇಂಗ್ಲಿಷ್ ಬರೂದಿಲ್ಲಂತಲ್ರೀ, ಅಂಜಿಕಿ ಅಷ್ಟ" ಅನ್ನುತ್ತಾಳೆ ನಮ್ಮಾಕೆ. ಅವಳ ಲೆಕ್ಕದಲ್ಲಿ ದೀಪಾವಳಿಯೇ ಗಡುವು. 21 ದಿನಗಳ ದೀಪಾವಳಿ ರಜೆಯೊಳಗೆ ಬಾಯಿ ಬಿಡದ ಮಗು 8ನೇ ತರಗತಿಯವರೆಗೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಬಿಡುತ್ತದಂತೆ.

ಹಾಗೆ ಕೂತವರು ಮುಂದೆ ಎಲ್ಲಿಗೆ ಬರುತ್ತಾರೆ ಎಂಬುದು ಬ್ಯಾಂಕಿನಲ್ಲಿ ಕೂರುವ ನನಗೆ ಗೊತ್ತು. ನಮ್ಮ ಫಾರ್ಮುಗಳ ಮೇಲೆ ಗುಜರಾತಿ, ಹಿಂದಿ ಎರಡೂ ಇರುತ್ತವೆ. ಆದರೂ ನಲವತ್ತು ದಾಟಿದ ಗಂಡಸರು ಸ್ಲಿಪ್ ಹಿಡಿದು, ಬರೆದುಕೊಡುವವರು ಯಾರಾದರೂ ಸಿಕ್ಕಾರೆಯೇ ಎಂದು ಬಾಗಿಲ ಬಳಿ ನಿಂತಿರುತ್ತಾರೆ. ತಪ್ಪು ಬರೆದು ನಗೆಪಾಟಲಾದೇವೆಂಬ ಭಯ. ಕೆಲವರು ಮಕ್ಕಳನ್ನೇ ಕರೆತರುತ್ತಾರೆ.

ಕಳೆದ ವರ್ಷ ದೀಪಾವಳಿಗೆ ಮೊದಲು ಒಬ್ಬ ಹುಡುಗ ತಾಯಿಯ ಜೊತೆ ಬಂದಿದ್ದ, ನಮ್ಮಾಕೆಯ ಕ್ಲಾಸಿನವನೇ. ನಾಲ್ಕು ಸಾವಿರ ತೆಗೆಯಬೇಕಿತ್ತು. ಫೋರ್ ಬರೆದ. ಥೌಸಂಡ್‌ಗೆ ಪೆನ್ನು ನಿಂತಿತು. ಸಾಲಿನಲ್ಲಿ ಹತ್ತು ಜನ. ತಲೆ ಎತ್ತಿ ಗಟ್ಟಿಯಾಗಿ "ಅಂಕಲ್, ಥೌಸಂಡ್ ಸ್ಪೆಲಿಂಗ್ ಪ್ಲೀಸ್" ಅಂದ. ಹೇಳಿದೆ, ಬರೆದ, ದುಡ್ಡು ತಗೊಂಡು ಹೋದರು.

ಸಂಜೆ ಹೇಳಿದರೆ ಅವಳಿಗೆ ಸ್ಪೆಲಿಂಗಿನ ಚಿಂತೆಯೇ ಇಲ್ಲ. "ಕೇಳಿದ್ನಾ? ಎಲ್ಲಾರ ಮುಂದ?" ಎಂದು ಎರಡು ಸಲ ಕೇಳಿದಳು.

ಹೊರನಾಡಿನಲ್ಲಿರುವ ನಮ್ಮ ಮನೆಗಳಲ್ಲೂ ಮಕ್ಕಳ ಬಾಯಲ್ಲಿ ಮೂರು ನಾಲ್ಕು ಭಾಷೆ. ಹೊಸ ಕ್ಲಾಸಿನ ಮೊದಲ ವಾರ ಅವು ಏನಾದರೂ ತಪ್ಪು ಅಂದರೆ ಅತಿಥಿಗಳ ಮುಂದೆ ತಿದ್ದಲು ಹೋಗಬೇಡಿ. ಪೂರ್ತಿ ಹೇಳಿ ಮುಗಿಸಲಿ.