ನಿಂತರೆ ಕುದಿಯುವ ಕಾರು

ಓಡಾಡಿಕೊಂಡಿರುವಾಗ ತಣ್ಣಗಿದ್ದು, ಸುಮ್ಮನೆ ಕೂರಿಸಿದರೆ ಕುದಿಯತೊಡಗುವವರು ನಿವೃತ್ತ ಹೆಡ್‌ಮಾಸ್ಟರುಗಳಲ್ಲಿ ಹೆಚ್ಚು. ಕಾರುಗಳಲ್ಲಿ ಈ ಜಾತಿಗೆ ಸೇರಿದ್ದು ಜಾಗ್ವಾರ್ ಇ-ಟೈಪ್.

1961ರ ಮಾರ್ಚಿನಲ್ಲಿ ಜಿನೀವಾದ ಪ್ರದರ್ಶನದಲ್ಲಿ ಅದನ್ನು ಕಂಡವರು ಮರುಳಾದರು. ರೂಪ ಕೊಟ್ಟ ಮಾಲ್ಕಮ್ ಸೇಯರ್ ವಿಮಾನದ ಕಾರ್ಖಾನೆಯಲ್ಲಿ ಪಳಗಿದವನು. ಗಾಳಿ ಸೀಳಿಕೊಂಡು ಹೋಗಲೆಂದು ಮೂತಿಯನ್ನು ಚೂಪಾಗಿಸಿ, ಗಾಳಿ ಒಳಹೋಗಲು ಪುಟ್ಟದೊಂದು ಬಾಯಿ ಬಿಟ್ಟ. ಗಂಟೆಗೆ 150 ಮೈಲಿ ಓಡುತ್ತದೆಂದು ಹೆಸರಾದ ಕಾರಿಗೆ ಅಷ್ಟು ಬಾಯಿ ಧಾರಾಳ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಸಾಲದು.

ಆ ಕಾರು ಹುಟ್ಟಿದ ಕಾವೆಂಟ್ರಿಯಲ್ಲೇ ನೆಲೆಸಿರುವ ನನ್ನ ಗೆಳೆಯನ ಬಳಿ 3.8 ಲೀಟರಿನ ಇ-ಟೈಪ್ ಇದೆ. ಬೇಸಿಗೆಯ ಭಾನುವಾರ ಹೊರಗೆ ಹೊರಟರೆ ಅವನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಉಷ್ಣದ ಮುಳ್ಳಿನ ಮೇಲೆ. ಕಾರಿಗೆ ಕಾವೇರಿದರೆ ಊರಿಗೆಲ್ಲ ವೈದ್ಯ ಬರುತ್ತದೆ. ಥರ್ಮೋಸ್ಟಾಟ್ ಕಿತ್ತೆಸೆ, ನೀರು ಸರಾಗ ಹರಿಯುತ್ತದೆ ಎಂದನೊಬ್ಬ. ಈ ಎಂಜಿನ್ನಿಗೆ ಅದು ವಿಷ. ಇದರ ಥರ್ಮೋಸ್ಟಾಟಿಗೆ ಅಂಗಿಯ ತೋಳಿನಂಥ ಕವಚವೊಂದಿದೆ. ನೀರು ಬಿಸಿಯಾದಾಗ ಅದು ಅಡ್ಡದಾರಿಯನ್ನು ಮುಚ್ಚಿ ನೀರನ್ನು ರೇಡಿಯೇಟರಿನತ್ತ ಅಟ್ಟುತ್ತದೆ. ಥರ್ಮೋಸ್ಟಾಟನ್ನೇ ಕಿತ್ತರೆ ಬಿಸಿನೀರು ರೇಡಿಯೇಟರಿನ ಕಡೆ ಪೂರ್ತಿ ಹೋಗದೆ, ಒಂದಷ್ಟು ಅಡ್ಡದಾರಿ ಹಿಡಿದು ಎಂಜಿನ್ನಿಗೇ ವಾಪಸು.

ಕೊನೆಗೆ ಗೆಳೆಯ ಹಳೆಯ ರೇಡಿಯೇಟರನ್ನೇ ಇಳಿಸಿದ. ಕೊಳವೆಗಳೊಳಗೆ ಕಿಟ್ಟ, ಹೊರಗೆ ಉದುರುವ ರೆಕ್ಕೆಗಳು. ಅದರ ಜಾಗಕ್ಕೆ ಅಲ್ಯೂಮಿನಿಯಂ ರೇಡಿಯೇಟರ್ ಬಂತು. ಇಲ್ಲೊಂದು ತಮಾಷೆಯಿದೆ: ಶಾಖ ಸಾಗಿಸುವುದರಲ್ಲಿ ಅಲ್ಯೂಮಿನಿಯಂ ತಾಮ್ರಕ್ಕಿಂತ ಹಿಂದೆ. ಆದರೂ ಗೆಲ್ಲುತ್ತದೆ. ಹಳೆಯದರಲ್ಲಿ ಹಿತ್ತಾಳೆಯ ಕೊಳವೆಗೂ ತಾಮ್ರದ ರೆಕ್ಕೆಗೂ ನಡುವೆ ಸೀಸದ ಬೆಸುಗೆ, ಶಾಖ ಅಲ್ಲಿ ತಡವರಿಸುತ್ತದೆ. ಅಲ್ಯೂಮಿನಿಯಂ ಕೊಳವೆಗಳನ್ನು ಹಗುರವಾಗಿಯೇ, ಹೆಚ್ಚು ಅಗಲವಾಗಿ ಮಾಡಬಹುದು. ರೆಕ್ಕೆಗಳಿಗೆ ಮೈ ತಾಗುವುದೂ ಹೆಚ್ಚು. ಸರಿಯಾದ ಕೂಲೆಂಟ್ ಹಾಕದೆ ಬರೀ ನಲ್ಲಿನೀರು ತುಂಬಿದರೆ ಅಲ್ಯೂಮಿನಿಯಮ್ಮೂ ಕೊರೆದುಹೋಗುತ್ತದೆ, ಆ ಮಾತು ಬೇರೆ.

ರೇಡಿಯೇಟರ್ ಹೊಸದಾದರೂ ನಿಂತ ಕಾರಿಗೆ ಗಾಳಿ ಎಲ್ಲಿಂದ ಬರಬೇಕು? ಫ್ಯಾನಿನಿಂದ. ಆ ಫ್ಯಾನಿಗೆ ಕರೆಂಟು ಕೊಡುತ್ತಿದ್ದುದು ಹಳೆಯ ಡೈನಮೊ; ಎಂಜಿನ್ ನಿಧಾನವಾದಾಗ ಅದೂ ತೂಕಡಿಸುತ್ತದೆ. ಕಷ್ಟಕಾಲಕ್ಕೇ ಕೈಕೊಡುವ ನೆಂಟ! 1964ರ 4.2 ಲೀಟರ್ ಮಾದರಿಗೆ ಆಲ್ಟರ್ನೇಟರ್ ಬಂತು. ಗೆಳೆಯನೂ ಅದನ್ನೇ ಹಾಕಿಸಿದ, ಜೊತೆಗೆ ಬಲವಾದ ಫ್ಯಾನು, ಗಾಳಿ ಪಕ್ಕಕ್ಕೆ ಸೋರದಂತೆ ಸುತ್ತ ತಗಡಿನ ಕವಚ.

ಮಡಿವಂತ ಸಂಗ್ರಾಹಕರು ಮೂಗು ಮುರಿದರು. 1968ರಲ್ಲಿ ಕಂಪನಿಯೇ ಬಾಯಿ ಅಗಲಿಸಿ ಎರಡು ಫ್ಯಾನು ಕೂರಿಸಿದಾಗಲೂ, ಚೆಲುವು ಕೆಟ್ಟಿತೆಂದು ಗೊಣಗಿದ ಕುಲ ಅದು. ಗೆಳೆಯ ಅಲ್ಯೂಮಿನಿಯಮ್ಮಿಗೆ ಕಪ್ಪು ಬಣ್ಣ ಬಳಿಸಿ ಸುಮ್ಮನಾದ. ನನ್ನ ಓಟು ಅವನಿಗೇ: ಮೂಲರೂಪದ ಕಾರು ದಾರಿಬದಿಯಲ್ಲಿ ಹಬೆಯಾಡುತ್ತ ನಿಂತರೆ ನೋಡಲು ಚೆಂದ, ಸವಾರಿಗಲ್ಲ.

ಈಗ ಅವನು ಟ್ರಾಫಿಕ್ ಜಾಮನ್ನು ಹುಡುಕಿಕೊಂಡು ಹೋಗುತ್ತಾನಂತೆ. ಹೆಂಡತಿ ಮಾತ್ರ ನೀರಿನ ಕ್ಯಾನನ್ನು ಡಿಕ್ಕಿಯಿಂದ ಇಳಿಸಲು ಬಿಟ್ಟಿಲ್ಲ.