ಕೌಂಟರಿನ ಹಿಂದೆ ಹದಿನಾಲ್ಕು ತಿಂಗಳು

ಕಳೆದ ತಿಂಗಳು ಅಸರ್ ನಮಾಝಿನ ಬಳಿಕ ತಾಯಿಯೊಬ್ಬರು ನಮ್ಮ ಮನೆಗೆ ಬಂದರು. ಅವರ ಮಗ ಗೌರಿಬಿದನೂರಿನಲ್ಲಿ ನಮ್ಮ ಬಳಿ ಕುರ್‌ಆನ್ ಓದಿದವನು. ಪಿಯುಸಿಯಲ್ಲಿ ಒಂದು ವಿಷಯ ಉಳಿದುದರಿಂದ ಈಗ ಬೆಂಗಳೂರಿನ ಫಾಸ್ಟ್‌ಫುಡ್ ಹೋಟೆಲೊಂದರಲ್ಲಿದ್ದಾನೆ. "ಹಝ್ರತ್, ನೆಂಟರು ಕೇಳಿದರೆ ಕಂಪೆನಿಯಲ್ಲಿದ್ದಾನೆ ಎನ್ನುತ್ತೇನೆ. ತಟ್ಟೆ ಎತ್ತುತ್ತಾನೆಂದು ಹೇಳಲು ನಾಲಗೆ ಏಳುವುದಿಲ್ಲ. ನೀವಾದರೂ ಬುದ್ಧಿ ಹೇಳಿ ಕರೆಸಿ" ಎಂದರು.

ನಾವು ತಕ್ಷಣ ಉತ್ತರಿಸಲಿಲ್ಲ. 2001ರಲ್ಲಿ ನಮ್ಮ ತಂದೆಯವರೂ ಇಂಥದೇ ಮಾತನ್ನು ನೆಂಟರಿಗೆ ಹೇಳಿದ್ದರು. ಅಲ್ಲಾಹನು ಅವರನ್ನು ಕ್ಷಮಿಸಲಿ. ಮದ್ರಸದ ಓದು ಮುಗಿದರೂ ಎಲ್ಲಿಯೂ ಕೆಲಸ ಸಿಗದೆ, ನಾವು ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದರ್ಶಿನಿಯೊಂದನ್ನು ಸೇರಿದೆವು. ಊರಿನಲ್ಲಿ ಮಾತ್ರ ನಾವು "ಮಸೀದಿಯೊಂದರಲ್ಲಿ" ಇದ್ದೆವು.

ದರ್ಶಿನಿಯ ಬಗೆಯೇ ಬೇರೆ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿಯನ್ನು ತೆರೆದ ಮೇಲೆ ಆ ಪದ್ಧತಿ ನಗರದಾದ್ಯಂತ ಹರಡಿತು. ಮೊದಲು ಹಣ, ಅನಂತರ ಟೋಕನ್, ಆಮೇಲೆ ನಿಂತೇ ತಿನ್ನುವುದು. ಮೇಜಿನ ಬಳಿಗೆ ಬರುವ ಮಾಣಿ ಇಲ್ಲದುದರಿಂದ ಸಮಸ್ತ ಭಾರವೂ ಕೌಂಟರಿನ ಹಿಂದೆ ನಿಂತವನ ಮೇಲೆ ಬೀಳುತ್ತದೆ.

ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಒಮ್ಮೆಲೇ ಹತ್ತು ಕೈಗಳು ಚಾಚುತ್ತಿದ್ದವು. ಒಬ್ಬರಿಗೆ ಇಡ್ಲಿ-ವಡೆ ಸಾಂಬಾರಿನಲ್ಲಿ ಮುಳುಗಿರಬೇಕು, ಇನ್ನೊಬ್ಬರಿಗೆ ಖಾರಾಬಾತಿಗೆ ಚಟ್ನಿ ಬೇಡ, ಮತ್ತೊಬ್ಬರಿಗೆ ಎರಡು ಸೆಟ್ ದೋಸೆ ಪಾರ್ಸೆಲ್. ನೆನಪಿಡುವುದು ನಮಗೆ ಕಷ್ಟವಾಗಲಿಲ್ಲ. ಹಿಂದಿನ ಆಯತ್ತಿಗೆ ಮುಂದಿನದನ್ನು ಪೋಣಿಸಿ ಕಂಠಪಾಠ ಮಾಡಿದ ಅಭ್ಯಾಸವಿತ್ತು. ಮುಖಗಳನ್ನೂ ಹಾಗೆಯೇ ಪೋಣಿಸಿಕೊಂಡೆವು. ಕಷ್ಟವಾದದ್ದು ನ್ಯಾಯ. ಗಟ್ಟಿಯಾಗಿ ಕೂಗಿದವನ ಟೋಕನ್ನಿನತ್ತ ಕೈ ತಾನಾಗಿಯೇ ಹೋಗುತ್ತದೆ.

ಒಂದು ದಿನ ಚೀಲ ಹಿಡಿದ ವೃದ್ಧರೊಬ್ಬರು ಟೋಕನ್ನನ್ನು ಬೆರಳ ನಡುವೆ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ನಾವು ಅವರನ್ನು ಕಂಡಿದ್ದೆವು. ಕಂಡೂ ಬೇರೆಯವರಿಗೆ ಕೊಡುತ್ತಾ ಹೋದೆವು. ಇಡ್ಲಿ ಮುಗಿಯಿತು. ಒಳಗಿನಿಂದ ಇದನ್ನು ನೋಡುತ್ತಿದ್ದ ಅಡುಗೆಯ ಭಟ್ಟರು ತಾವೇ ಬಂದು ಅವರ ಕೈಗೆ ಬಿಸಿ ದೋಸೆಯ ತಟ್ಟೆಯನ್ನಿತ್ತು, ನಮ್ಮ ಕಡೆ ತಿರುಗಿ, "ಕೂಗೋರಿಗೆ ಮಾತ್ರ ಹಸಿವಾಗುತ್ತೇನಯ್ಯಾ?" ಎಂದರು. ಮರುದಿನದಿಂದ ನಾವು ಮೊದಲು ಗುಂಪಿನ ಹಿಂಭಾಗವನ್ನು ನೋಡತೊಡಗಿದೆವು. ಇಂದು ತರಗತಿಯಲ್ಲಿಯೂ ಎತ್ತಿದ ಕೈಗಳಿಗಿಂತ ಮೊದಲು ಗೋಡೆಗೆ ಒರಗಿ ಕುಳಿತವನ ಕಡೆಗೆ ನಮ್ಮ ಕಣ್ಣು ಹೋಗುತ್ತದೆ.

ಕನ್ನಡವೂ ನಮಗೆ ದೊರೆತದ್ದು ಅಲ್ಲಿಯೇ. ಮನೆಯಲ್ಲಿ ದಖನಿ, ಮದ್ರಸದಲ್ಲಿ ಉರ್ದು ಮತ್ತು ಅರಬಿ. ನಮ್ಮ ಸೀಮೆಯ ತೆಲುಗು ಬೆರೆತ ಕನ್ನಡವನ್ನು ಕೇಳಿ ಕ್ಯಾಷಿಯರ್ ನಗುತ್ತಿದ್ದರು, ನಕ್ಕ ಮೇಲೆ ತಿದ್ದುತ್ತಿದ್ದರು. ಮಂಗಳೂರಿನವರ ಕನ್ನಡ, ಹುಬ್ಬಳ್ಳಿಯವರ ಕನ್ನಡ ದಿನವೂ ಕಿವಿಗೆ ಬೀಳುತ್ತಿದ್ದವು. ಪಾರ್ಸೆಲ್ ಕಟ್ಟುವ ಹಳೆಯ ಪತ್ರಿಕೆಯ ಹಾಳೆಗಳನ್ನು ಕಟ್ಟುವ ಮುನ್ನ ಓದುತ್ತಿದ್ದೆವು. ಎಷ್ಟೋ ಸುದ್ದಿಗಳ ಕೊನೆ ಗಿರಾಕಿಯ ಮನೆಗೆ ಹೋಗಿಬಿಡುತ್ತಿತ್ತು! ಮುಂದೆ ಅಂಚೆ ಶಿಕ್ಷಣದಲ್ಲಿ ಕನ್ನಡ ಬಿ.ಎ. ಮಾಡುವ ಧೈರ್ಯ ಬಂದದ್ದು ಆ ಹಾಳೆಗಳಿಂದ.

ಎಲ್ಲವೂ ಸಿಹಿಯಾಗಿತ್ತೆಂದಲ್ಲ. ರಾತ್ರಿ ಕಾಲು ಊದಿಕೊಳ್ಳುತ್ತಿತ್ತು. ಝುಹರ್ ನಮಾಝನ್ನು ಅಕ್ಕಿ ಮೂಟೆಗಳ ನಡುವೆ ಅವಸರದಲ್ಲಿ ಮುಗಿಸುತ್ತಿದ್ದೆವು. ರಮಝಾನಿನಲ್ಲಿ ಉಪವಾಸವಿದ್ದು ದಿನವಿಡೀ ಕಾಫಿಯ ಪರಿಮಳದಲ್ಲಿ ನಿಂತದ್ದುಂಟು. ಸಾಂಬಾರು ಚೆಲ್ಲಿದ್ದಕ್ಕೆ ಬೈಗುಳ ತಿಂದ ಒಂದು ಸಂಜೆ ಹಝ್ರತ್ ಅನಸ್(ರ) ನೆನಪಾದರು. ಹತ್ತು ವರ್ಷ ಸೇವೆ ಮಾಡಿದರೂ ಪ್ರವಾದಿ(ಸ)ರು ತಮಗೆ ಒಮ್ಮೆಯೂ 'ಛೆ' ಎನ್ನಲಿಲ್ಲವೆಂದು ಅವರು ಹೇಳಿದ್ದನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದು ಒಬ್ಬ ಸೇವಕನ ಮಾತೆಂಬುದು ಅಂದು ಹೊಳೆಯಿತು.

ಇದನ್ನೆಲ್ಲ ಆ ತಾಯಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ನಿಮಗೆ ಸಂಬಳ ಎಷ್ಟಿತ್ತು, ಹಝ್ರತ್?" ಎಂದು ಕೇಳಿದರು. ಊಟ, ವಸತಿ ಮತ್ತು 1,200 ರೂಪಾಯಿ ಎಂದೆವು. ತಮ್ಮ ಮಗನದು ಅದಕ್ಕಿಂತ ಬಹಳ ಹೆಚ್ಚೆಂದು ಹೇಳುವಾಗ ಅವರ ದನಿಯಲ್ಲಿ ಸಣ್ಣ ಹೆಮ್ಮೆ ಇಣುಕಿತು. ಉಳಿದ ಆ ಒಂದು ವಿಷಯವನ್ನು ಮಾತ್ರ ಅವನು ಕಟ್ಟಿ ಬರೆಯಲೇಬೇಕು ಎಂದೆವು. ಅದನ್ನು ಈಗಲೇ ತಿಳಿಸುತ್ತೇನೆಂದು ಅವರು ಅಲ್ಲಿಯೇ ಫೋನ್ ಹಚ್ಚಿದರು. ಆ ಕಡೆಯಿಂದ ತಟ್ಟೆಗಳ ಸದ್ದಿನ ನಡುವೆ ಅವನ ದನಿ ನಮಗೂ ಕೇಳಿಸಿತು: "ಗಿರಾಕಿಗಳಿದ್ದಾರೆ ಅಮ್ಮೀ, ಆಮೇಲೆ ಮಾಡ್ತೀನಿ."