ತಿಮ್ಮೋಜನ ಜಾಡು

ಕಳೆದ ಡಿಸೆಂಬರಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಹೊನ್ನಾವರಕ್ಕೆ ಹೋಗಿದ್ದೆ. ಶಾಲೆಯ ಪ್ರವಾಸವೆಂದರೆ ಬೇಲೂರು, ಹಳೇಬೀಡು ಎಂಬುದು ರೂಢಿ. "ಕಡಲುಗಳ್ಳನೊಬ್ಬನ ಜಾಡು ಹಿಡಿದು ಹೋಗುತ್ತೇವೆ" ಎಂದಾಗ ಹೆಡ್‌ಮಾಸ್ತರರು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. ಮಕ್ಕಳಿಗೆ ಮಾತ್ರ ಹಿಗ್ಗೋ ಹಿಗ್ಗು.

ಅವನ ಹೆಸರು ತಿಮ್ಮೋಜ. ತಿಮ್ಮಯ್ಯ ಎನ್ನುವವರೂ ಇದ್ದಾರೆ. ತಿಮೋಜ ಎಂದು ಬರೆದವರು ಪೋರ್ಚುಗೀಸರು. ನಾವು ನಡೆದಲ್ಲೆಲ್ಲ ಅವನ ಹೆಸರಿನ ಒಂದು ಫಲಕವೂ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ಜಾಡನ್ನು ನಾನೇ ನಕಾಶೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಎಳೆದುಕೊಂಡಿದ್ದೆ. ಶರಾವತಿಯ ಅಳಿವೆ, ಗೇರುಸೊಪ್ಪೆ, ಕಾರವಾರದ ಅಂಜುದೀವಿ, ಕೊನೆಗೆ ಹಳೆ ಗೋವೆ. ಮಕ್ಕಳು ತಂದ ದುಡ್ಡು ಗೇರುಸೊಪ್ಪೆಯ ತನಕದ ಬಾಡಿಗೆಗೇ ಸರಿಹೋಯಿತು. ಅಂಜುದೀವಿ ಹೇಗೂ ಈಗ ನೌಕಾನೆಲೆಯ ಒಳಗಿದೆ, ಕಾಲಿಡುವಂತಿಲ್ಲ. ಉಳಿದ ಕತೆಯನ್ನು ಅಳಿವೆಯ ದಂಡೆಯಲ್ಲಿ, ಒಣಮೀನಿನ ವಾಸನೆಯ ನಡುವೆ ನಿಂತು ಹೇಳಿದೆ.

1498ರಲ್ಲಿ ವಾಸ್ಕೋ ಡ ಗಾಮ ಅಂಜುದೀವಿಯಲ್ಲಿ ಹಡಗು ನಿಲ್ಲಿಸಿಕೊಂಡಿದ್ದಾಗ, ತಿಮ್ಮೋಜ ತನ್ನ ದೋಣಿಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಸೊಪ್ಪುಸದೆ ಹೊದಿಸಿ, ತೇಲುವ ನಡುಗಡ್ಡೆಯ ಹಾಗೆ ಕಳಿಸಿದನೆಂದು ಪೋರ್ಚುಗೀಸರ ಚರಿತ್ರೆಕಾರರು ಬರೆದಿದ್ದಾರೆ. ಫಿರಂಗಿ ಹಾರಿದ ಮೇಲೆ ನಡುಗಡ್ಡೆ ದಿಕ್ಕಾಪಾಲು. ಹುಡುಗರು ಬಿದ್ದು ಬಿದ್ದು ನಕ್ಕರು. 1505ರಲ್ಲಿ ಅಲ್ಮೇಡ ಬಂದು ಇದೇ ಹೊನ್ನಾವರದ ಹಡಗುಗಳಿಗೆ ಬೆಂಕಿ ಇಟ್ಟನೆಂದಾಗ ನಗು ನಿಂತಿತು.

ಅಷ್ಟಾಗಿಯೂ 1510ರಲ್ಲಿ ಅಲ್ಬುಕರ್ಕನಿಗೆ "ಗೋವೆಗೆ ಹೋಗು, ಅದು ಸುಲಭದ ತುತ್ತು" ಎಂದು ದಾರಿ ತೋರಿಸಿದವನು ಇದೇ ತಿಮ್ಮೋಜ. ಬಿಜಾಪುರದ ಆದಿಲ್‌ಶಾಹಿಯಿಂದ ಗೋವೆ ಬಿಡಿಸಿದರೆ ತನಗೇ ಸಿಗುತ್ತದೆಂದು ಎಣಿಸಿದ್ದ. ಸಿಕ್ಕಿದ್ದು ತೆರಿಗೆ ವಸೂಲಿಯ ಅಧಿಕಾರ. ಬಳಿಕ ಅದೂ ಕೈತಪ್ಪಿತು. ಅವನು ಕರೆತಂದವರು ಗೋವೆ ಬಿಟ್ಟು ಹೊರಟದ್ದು 1961ರಲ್ಲಿ.

ಗೇರುಸೊಪ್ಪೆಯ ಚತುರ್ಮುಖ ಬಸದಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಊರು ಅದು. ಆದರೆ ಅವಳು ಆಳಿದ್ದು 1552ರಿಂದ. ತಿಮ್ಮೋಜನ ಕಾಲಕ್ಕೆ ಇಲ್ಲಿ ಬೇರೊಬ್ಬ ರಾಣಿ ಇದ್ದಳಂತೆ. ಎರಡನೇ ಸಲ ಗೋವೆಯ ಮೇಲೆ ಹೊರಟ ಅಲ್ಬುಕರ್ಕ ಹೊನ್ನಾವರಕ್ಕೆ ಬಂದರೆ, ತಿಮ್ಮೋಜ ಆ ರಾಣಿಯ ಮಗಳೊಂದಿಗೆ ಮದುವೆಯ ಸಡಗರದಲ್ಲಿದ್ದನಂತೆ! ದಂಡು ಕಾಯುತ್ತಿದೆ, ಮದುಮಗ ಹಸೆಯ ಮೇಲೆ. ಇಷ್ಟನ್ನೆಲ್ಲ ಬರೆದಿಟ್ಟ ಕತೆಯಲ್ಲಿ ಆ ಮದುಮಗಳ ಹೆಸರು ನನಗೆ ಸಿಕ್ಕಿಲ್ಲ. ಮೊಸರನ್ನ ಕಲಸುತ್ತಾ ಅವಳನ್ನೇ ನೆನೆಯುತ್ತಿದ್ದೆ.

ಆಗ ಹಿಂದಿನ ಸಾಲಿನ ಒಬ್ಬಳು, ತರಗತಿಯಲ್ಲಿ ಬಾಯೇ ಬಿಡದವಳು, ಕೇಳಿದಳು: "ಟೀಚರ್, ಅವನು ಕಳ್ಳನೋ, ನಮ್ಮವನೋ?"

"ಎರಡೂ" ಎಂದುಬಿಟ್ಟೆ. ಪರೀಕ್ಷೆಗೆ ಈ ಉತ್ತರ ನಡೆಯುವುದಿಲ್ಲ ಎಂದು ಸೇರಿಸಿದೆ. ಅವಳು ನಕ್ಕಳು. ನನಗೆ ಮಾತ್ರ ಗಂಟಲು ಕಟ್ಟಿತು.

ನನ್ನ ದೊಡ್ಡ ಸೋದರಮಾವ ಲಾಂಚಿನ ಕೆಲಸಕ್ಕೆ ಹೋಗುತ್ತಿದ್ದ. ಎಪ್ಪತ್ತರ ದಶಕದಲ್ಲಿ ನಮ್ಮ ಕರಾವಳಿಯಲ್ಲಿ ಆ ಮಾತಿಗೆ ಏನರ್ಥವೆಂದು ಗೊತ್ತಿದ್ದವರಿಗೆ ಗೊತ್ತು. ಚಿನ್ನ, ಕೈಗಡಿಯಾರ, ನೈಲಾನ್ ಬಟ್ಟೆ. ನನ್ನ ಅಕ್ಕನ ನಾಮಕರಣಕ್ಕೆ ಅವನು ತಂದಿದ್ದ ಗುಲಾಬಿ ಸೀರೆಯನ್ನು ಅಮ್ಮ ಒಮ್ಮೆ ಉಟ್ಟಳಂತೆ. ಪೊಲೀಸರು ಅಜ್ಜನ ಮನೆಯ ಅಕ್ಕಿ ಕಣಜ ತೋಡಿಸಿ ಹೋದ ಮೇಲೆ ಮತ್ತೆ ಉಡಲಿಲ್ಲ. 1975ರಲ್ಲಿ ಮುಂಬಯಿಗೆ ಹೋದ ಮಾವ ಹಿಂದಿರುಗಲಿಲ್ಲ. ಗೋಡೆಯ ಪಟ ಕೆಳಗಿಳಿಯಿತು. ನಮ್ಮ ಮನೆಯ ಯಾವ ಮದುವೆ ಕಾಗದದಲ್ಲೂ ಅವನ ಹೆಸರು ಅಚ್ಚಾಗಲಿಲ್ಲ. ಐನೂರು ವರ್ಷದ ಹಿಂದಿನ ಕಳ್ಳನ ಜಾಡಿಗೆ ಬಸ್ಸು ಮಾಡಿಕೊಂಡು ಹೋಗುವ ನಾನು, ಇವನ ಬಗ್ಗೆ ಅಮ್ಮನನ್ನು ಒಂದು ದಿನವೂ ಕೇಳಿರಲಿಲ್ಲ ನೋಡಿ.

ಆ ರಾತ್ರಿ ಮನೆಗೆ ಬಂದಾಗ ಎಂಬತ್ತು ದಾಟಿದ ಅಮ್ಮ ಎಚ್ಚರವಿದ್ದಳು. ಕಾಲು ಒತ್ತುತ್ತಾ, "ದೊಡ್ಡ ಮಾವ ಹೇಗಿದ್ದ?" ಎಂದೆ.

ಬಹಳ ಹೊತ್ತು ಸುಮ್ಮನಿದ್ದಳು. ನಿದ್ದೆ ಹೋದಳೇನೋ ಎಂದುಕೊಂಡೆ.

"ಅವನಿಗೆ ಸಾರು ಖಾರ ಆಗಬೇಕು" ಎಂದಳು. "ಎಷ್ಟು ಮೆಣಸು ಅರೆದರೂ ಸಾಲದು. ಉಂಡು ಮೂಗು ಒರೆಸಿಕೊಳ್ಳುತ್ತಾ, ಇನ್ನೊಂದು ಸೌಟು ಹಾಕು ಅನ್ನುತ್ತಿದ್ದ."

ಆಮೇಲೆ ಗೋಡೆಯ ಕಡೆ ಹೊರಳಿ, ಮೆಲ್ಲಗೆ ಅವನ ಹೆಸರು ಹೇಳಿದಳು.